ಬೊಟ್ಟಿಲ್ಲದ ಚೀಟಿ

"ನೀನು ಡಯಲ್ ಸುತ್ತಿದ್ದು ಇದೇ ನಂಬರಿಗಾ?"

"ಇದೇ ಅಕ್ಕಾ. ಎಷ್ಟು ಸಲ ಹೇಳಲಿ? ಇದೇ ಚೀಟಿ, ಇದೇ ನಂಬರು."

"ಇನ್ನೊಂದು ಸಲ ಹೇಳು. ಪೊಲೀಸರಿಗೆ ಗಿಳಿಪಾಠ ಒಪ್ಪಿಸಿದ ಹಾಗಲ್ಲ. ನಿಧಾನವಾಗಿ, ನೆನಪಿಸಿಕೊಂಡು ಹೇಳು."

ಪಾವಾಯಿ ಲಾರಿ ಆಫೀಸಿನ ಗೋಡೆ ಗಡಿಯಾರ ನೋಡಿದಳು. ಎರಡೂ ಮುಕ್ಕಾಲು. ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬರುತ್ತಾನೆ. ಈ ಹೆಂಗಸು ನೋಡಿದರೆ ಮಧ್ಯಾಹ್ನದ ಸೀರಿಯಲ್ ನೋಡಲು ಬಂದವಳ ಹಾಗೆ ಕಾಲು ನೀಡಿ ಕುಳಿತು ನಶ್ಯ ಏರಿಸುತ್ತಿದ್ದಾಳೆ.

ಜ್ಞಾನಸೌಂದರಿ ಸಂಕಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಟ್ರಂಕ್ ಕಾಲ್ ಜೋಡಿಸಿ ನಿವೃತ್ತಳಾದವಳು. ಊರಿನಲ್ಲಿ ಯಾರಿಗೇ ಬೆದರಿಕೆಯ ಫೋನ್ ಬರಲಿ, ಮೊದಲು ಓಡುವುದು ಚರ್ಚಿನ ಹಿಂದಿನ ಅವಳ ಮನೆಗೆ. ಪೊಲೀಸರು ಬೇಕಾದರೆ ಆಮೇಲೆ.

"ಶುಕ್ರವಾರ ಹನ್ನೊಂದು ಗಂಟೆ," ಪಾವಾಯಿ ಶುರುಮಾಡಿದಳು. "ಹಿಂದಿಯಲ್ಲಿ ಯಾರೋ ಗಂಡಸು. ಇಂದೋರಿನ ಸೇಠರ ಗುಮಾಸ್ತ ಅಂದ. ಏಲಕ್ಕಿ ಲಾರಿ ಇಂದೋರಿಗೆ ಬರೋದು ಬೇಡ, ಸೋಲಾಪುರದ ಗೋಡೌನಿನಲ್ಲಿ ಇಳಿಸಿಬಿಡಿ ಅಂದ. ನಾನು ಸರಿ ಅನ್ನಲಿಲ್ಲ. ಫೋನ್ ಇಟ್ಟುಬಿಟ್ಟೆ."

"ಇಟ್ಟು?"

"ಗೋಡೆ ಚೀಟಿ ನೋಡಿ ನಾನೇ ತಿರುಗಿ ಮಾಡಿದೆ. ಅದೇ ಗಂಡಸು ಎತ್ತಿ ಅದನ್ನೇ ಹೇಳಿದ. ನಮ್ಮ ಮಾಲೀಕ ಗೌಂಡರ ಕಟ್ಟಳೆ ಅದೇ ಅಲ್ವಾ? ಲಾರಿ ದಾರಿ ಬದಲಿಸು ಅಂತ ಯಾರು ಫೋನ್ ಮಾಡಿದರೂ ನಂಬಬಾರದು. ಅವರು ಕೊಟ್ಟ ನಂಬರಿಗೂ ಮಾಡಬಾರದು. ಗೋಡೆಯ ಮೇಲಿರೋ ನಂಬರಿಗೇ ತಿರುಗಿ ಮಾಡಿ ಕೇಳಬೇಕು. ಹಾಗೇ ಮಾಡಿದೆ. ಮಧ್ಯಾಹ್ನ ಶಿರಾ ಹತ್ತಿರದ ಢಾಬಾದಿಂದ ಸೆಂಗೋಡ ಫೋನ್ ಮಾಡಿದ. ಸೋಲಾಪುರಕ್ಕೆ ಹೋಗು ಅಂತ ನಾನೇ... ನನ್ನ ಬಾಯಿಂದಲೇ..."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೆಂಗೋಡ ಅವಳ ತಮ್ಮ. ತಾಯಿ ಸತ್ತಾಗ ಆರು ವರ್ಷದವನು. ಎತ್ತಿ ಆಡಿಸಿ, ಓದಿಸಲು ಹೋಗಿ ಸೋತು, ಕೊನೆಗೆ ಕೈಗೆ ಸ್ಟಿಯರಿಂಗ್ ಕೊಡಿಸಿದವಳೂ ಇವಳೇ. ಅವನ ಲಾರಿ ನಿನ್ನೆ ಸೋಲಾಪುರದಾಚೆ ಒಂದು ಅಡ್ಡರಸ್ತೆಯಲ್ಲಿ ಸಿಕ್ಕಿತ್ತು. ಏಲಕ್ಕಿಯ ಒಂದು ಕಾಳೂ ಇರಲಿಲ್ಲ. ಅವನೂ ಇರಲಿಲ್ಲ.

ಇಂದೋರಿನ ಸೇಠರು, ಶುಕ್ರವಾರ ನಮಗೆ ಸಂಕಗಿರಿಯಿಂದ ಯಾವ ಫೋನೂ ಬಂದಿಲ್ಲ ಎಂದು ಆಣೆ ಇಟ್ಟು ಹೇಳಿದ್ದರು. ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಯಿತು. ಅಕ್ಕ ಕಥೆ ಕಟ್ಟಿದಳು, ತಮ್ಮ ಮಾಲು ಹೊತ್ತುಕೊಂಡು ಹೋದ. ಇವತ್ತು ನಾಲ್ಕಕ್ಕೆ ಅಕ್ಕನನ್ನು ಠಾಣೆಗೆ ಕರೆದೊಯ್ಯುವುದು, ತಮ್ಮನ ಫೋಟೋವನ್ನು ಕಳ್ಳ ಎಂದು ನಾಲ್ಕು ರಾಜ್ಯಕ್ಕೆ ಕಳಿಸುವುದು.

ಠಾಣೆಗೆ ಪಾವಾಯಿ ಹೆದರಿರಲಿಲ್ಲ. ಅವಳು ಹೆದರಿದ್ದು ಆ ಫೋಟೋಗೆ. ಕಳ್ಳನನ್ನು ಹುಡುಕುವವರು ರೈಲ್ವೆ ಸ್ಟೇಷನ್ನು, ಲಾಡ್ಜು ಹುಡುಕುತ್ತಾರೆ. ಯಾರೋ ಕೈಕಾಲು ಕಟ್ಟಿ ಯಾವುದೋ ಶೆಡ್ಡಿನಲ್ಲಿ ಬಿಸಾಕಿದವನನ್ನು ಹುಡುಕುವುದಿಲ್ಲ.

"ಅಕ್ಕಾ, ನಿಮ್ಮ ಎಕ್ಸ್‌ಚೇಂಜಿನಲ್ಲಿ ಕೇಳಿದರೆ ನಾನು ಯಾವ ನಂಬರಿಗೆ ಮಾಡಿದೆ ಅಂತ ಗೊತ್ತಾಗಲ್ವಾ?"

"ಬೆಳಿಗ್ಗೆನೇ ಕೇಳಿ ಬಂದೆ. ಇಲ್ಲಿಯ ಹಳೇ ಯಂತ್ರ ಎಷ್ಟು ಹೊತ್ತು ಹರಟೆ ಹೊಡೆದಿರಿ ಅಂತ ಲೆಕ್ಕ ಇಡುತ್ತೆ, ಯಾರ ಹತ್ತಿರ ಅಂತ ಇಡಲ್ಲ. ನೀನು ಸುತ್ತಿದ ನಂಬರು ನಿನಗಾದರೂ ನೆನಪಿದೆಯಾ?"

"ದಿನಕ್ಕೆ ನಲವತ್ತು ಫೋನ್ ಮಾಡ್ತೀನಿ. ಇಂದೋರಿಗೆ ಮಾಲು ಹೋಗೋದು ಎರಡು ತಿಂಗಳಿಗೊಮ್ಮೆ. ಚೀಟಿ ನೋಡಿಕೊಂಡು ಸುತ್ತುತ್ತೀನಿ, ಅಷ್ಟೇ."

"ನಮ್ಮ ಕಾಲದ ಹುಡುಗಿಯರಿಗೆ ಮುನ್ನೂರು ನಂಬರು ಬಾಯಿಪಾಠ ಇರ್ತಿತ್ತು," ಎಂದು ಗೊಣಗುತ್ತಾ ಜ್ಞಾನಸೌಂದರಿ ಎದ್ದಳು. ಸೀರೆಯ ಮೇಲಿನ ನಶ್ಯ ಕೊಡವಿ ಗೋಡೆಯ ಹಲಗೆಯ ಮುಂದೆ ನಿಂತಳು.

ಹಲಗೆಯ ಮೇಲೆ ನಲವತ್ತಕ್ಕೂ ಹೆಚ್ಚು ಚೀಟಿಗಳು. ಒಂದೊಂದರಲ್ಲೂ ಒಬ್ಬ ವ್ಯಾಪಾರಿಯ ಹೆಸರು, ಊರು, ಫೋನ್ ನಂಬರು. ಎಲ್ಲ ಪಾವಾಯಿಯ ದುಂಡು ಅಕ್ಷರ. ಜ್ಞಾನಸೌಂದರಿ ಒಂದೊಂದನ್ನೂ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದಳು. ಆಮೇಲೆ ಕೇಳಿದ ಪ್ರಶ್ನೆಗೂ ಕಳುವಿಗೂ ಏನು ಸಂಬಂಧ ಎಂದು ಪಾವಾಯಿಗೆ ತಿಳಿಯಲಿಲ್ಲ.

"ಈ ಕೆಂಪು ಚುಕ್ಕೆಗಳು ಏನೇ?"

"ಆಯುಧಪೂಜೆ ಬೊಟ್ಟು ಅಕ್ಕಾ. ಗಂಧ ಇಟ್ಟು ಮೇಲೆ ಕುಂಕುಮ. ಫೋನಿಗೆ, ಬೀಗಕ್ಕೆ, ಲಾರಿಗೆ, ಚೀಟಿಗೆ, ಎಲ್ಲದಕ್ಕೂ ಇಡ್ತೀವಿ. ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದರೆ ನಾನು ಚರ್ಚಿಗೆ ಹೋಗೋಳು, ಬೊಟ್ಟಿಡದವಳು. ಅದಕ್ಕೇ ನಿಮ್ಮ ಬೊಟ್ಟು ನನ್ನ ಕಣ್ಣಿಗೆ ಬೇಗ ಬೀಳುತ್ತೆ. ಎಲ್ಲರಿಗೂ ಇಟ್ಟು ಇಂದೋರಿನವನಿಗೆ ಮಾತ್ರ ಯಾಕೆ ಇಡಲಿಲ್ಲ? ಅವನೇನು ಪಾಪ ಮಾಡಿದ್ದ?"

ಪಾವಾಯಿ ಹತ್ತಿರ ಬಂದಳು. ಪ್ರತಿ ಚೀಟಿಯಲ್ಲೂ ನಂಬರಿನ ಪಕ್ಕದಲ್ಲಿ ಒಣಗಿದ ಬೊಟ್ಟು. ಇಂದೋರಿನ ಚೀಟಿಯಲ್ಲಿ ಆ ಜಾಗ ಖಾಲಿ.

"ಇಟ್ಟಿದ್ದೆ. ಖಂಡಿತ ಇಟ್ಟಿದ್ದೆ."

ಜ್ಞಾನಸೌಂದರಿ ಚೀಲದಿಂದ ಟಾರ್ಚ್ ತೆಗೆದು ಚೀಟಿಗೆ ಅಡ್ಡಲಾಗಿ ಬೆಳಕು ಬಿಟ್ಟಳು. ನಂಬರಿನ ಸುತ್ತ ಎರಡು ಬೆರಳಗಲದ ಪಟ್ಟಿಯಲ್ಲಿ ಕಾಗದದ ಮೇಲ್ಪದರ ಎದ್ದು, ನಾರುನಾರಾಗಿತ್ತು. ಅಂಚಿನಲ್ಲಿ ಒಣಗಿದ ಮೈದಾ ಅಂಟು. ಮಾಲಿನ ರಸೀದಿ ಬಿಲ್ಟಿಗಳನ್ನು ಅಂಟಿಸಲು ಇದೇ ಆಫೀಸಿನಲ್ಲಿ ಪ್ರತಿ ವಾರ ಕುದಿಸುವ ಅಂಟು.

"ಇಲ್ಲಿ ಇನ್ನೊಂದು ಕಾಗದ ಅಂಟಿಸಿದ್ದರು ಕಣೇ. ಅದರ ಮೇಲೆ ಬೇರೆ ನಂಬರು, ನಿನ್ನ ಹಾಗೇ ದುಂಡಕ್ಷರದಲ್ಲಿ. ನೀನು ಕಟ್ಟಳೆ ಮೀರಲಿಲ್ಲ. ಗೋಡೆ ನೋಡಿಯೇ ಸುತ್ತಿದೆ. ಗೋಡೆಯೇ ನಿನಗೆ ಸುಳ್ಳು ಹೇಳಿತು. ಇಂದೋರಿನಲ್ಲಿ ಕಳ್ಳರ ಕಡೆಯವನೊಬ್ಬ ಫೋನ್ ಹಿಡಿದು ಕೂತಿದ್ದ. ಕೆಲಸ ಮುಗಿದ ಮೇಲೆ ಕಾಗದ ಕಿತ್ತರು. ಅದರ ಜೊತೆ ಕೆಳಗಿದ್ದ ನಿನ್ನ ಬೊಟ್ಟೂ ಕಿತ್ತುಹೋಯಿತು. ಅದನ್ನು ಅವರು ಗಮನಿಸಲಿಲ್ಲ."

ಐದು ದಿನದಲ್ಲಿ ಮೊದಲ ಬಾರಿಗೆ ಒಬ್ಬರು ನೀನು ಸುಳ್ಳಿ ಅಲ್ಲ ಎಂದಿದ್ದರು. ಪಾವಾಯಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬೇರೇನೋ ನೆನಪಾಗಿ ಅವಳು ಚೀಟಿಯಿಂದ ಹಿಂದೆ ಸರಿದಳು.

"ಅಕ್ಕಾ... ಶುಕ್ರವಾರ ಬೆಳಿಗ್ಗೆ..."

"ಏನು?"

"ಎಂಟು ಗಂಟೆಗೆ ಬಾಗಿಲು ತೆಗೆದು ಮುರುಗನ ಪಟಕ್ಕೆ, ಫೋನಿಗೆ ಬೊಟ್ಟಿಟ್ಟೆ. ಪ್ರತಿ ಶುಕ್ರವಾರ ಇಡ್ತೀನಿ. ಗಂಧದ ಬಟ್ಟಲು ಕೈಯಲ್ಲೇ ಇತ್ತು. ಹಲಗೆ ಕಡೆ ನೋಡಿದೆ, ಒಂದು ಚೀಟಿ ಬೋಳುಬೋಳಾಗಿತ್ತು. ಬೊಟ್ಟು ಒಣಗಿ ಉದುರಿರಬೇಕು ಅಂದ್ಕೊಂಡೆ. ಬೋಳಾಗಿ ಬಿಡೋಕೆ ಮನಸ್ಸು ಬರಲಿಲ್ಲ." ಅವಳು ತನ್ನ ಉಂಗುರದ ಬೆರಳನ್ನೇ ನೋಡಿಕೊಂಡಳು. "ಈ ಬೆರಳಿನಿಂದ ಬೊಟ್ಟಿಟ್ಟೆ ಅಕ್ಕಾ. ಆ ಕಳ್ಳ ನಂಬರಿಗೆ ನಾನೇ ಬೊಟ್ಟಿಟ್ಟೆ. ಕೈಮುಗಿದೆ ಕೂಡ."

ಈಗ ಅಳು ಬಂತು. ಎದೆ ಒಡೆದು ಬಂತು. ಒಂದು ಗಳಿಗೆ ನಿಂತು ಕಾಗದದ ಮೇಲೆ ಕೈಯಾಡಿಸಿದ್ದರೆ ಸಾಕಿತ್ತು, ತಮ್ಮ ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದ. ಅವಳು ಆ ಬೆರಳನ್ನು ಗೋಡೆಗೆ ಹೊಡೆದುಕೊಂಡಳು. ಜ್ಞಾನಸೌಂದರಿ ಕೈ ಹಿಡಿದು ಕೂರಿಸಿದಳು.

"ಅಳು ಆಮೇಲೆ ಇಟ್ಟುಕೋ. ಈಗ ಹೊತ್ತಿಲ್ಲ. ಶುಕ್ರವಾರ ಎಂಟಕ್ಕೆ ಕಳ್ಳ ಕಾಗದ ಆಗಲೇ ಅಲ್ಲಿತ್ತು. ಅದಕ್ಕೆ ಮುಂಚೆ ಇಂದೋರಿಗೆ ಯಾವಾಗ ಮಾಡಿದ್ದೆ?"

"ಗುರುವಾರ ಸಂಜೆ ನಾಲ್ಕಕ್ಕೆ. ಲಾರಿ ಹೊರಟಿತು ಅಂತ ಹೇಳೋಕೆ. ಸೇಠರೇ ಎತ್ತಿದರು. ಅವರೂ ಅದನ್ನ ಒಪ್ಪಿದ್ದಾರೆ."

"ಹಾಗಾದರೆ ಗುರುವಾರ ನಾಲ್ಕರಿಂದ ಶುಕ್ರವಾರ ಎಂಟರ ಒಳಗೆ ಅಂಟಿಸಿದ್ದಾರೆ. ಗುರುವಾರ ಬಾಗಿಲು ಹಾಕಿದ್ದು ಯಾರು?"

"ನಾನೇ, ಐದಕ್ಕೆ. ಬೀಗದಕೈ ಎರಡೇ ಇರೋದು. ಒಂದು ಗೌಂಡರ ಸೊಂಟದಲ್ಲಿ, ಇನ್ನೊಂದು ನನ್ನ ಹತ್ತಿರ." ಪಾವಾಯಿ ತಟ್ಟನೆ ತಲೆಯೆತ್ತಿದಳು. "ಗುರುವಾರ ರಾತ್ರಿ ಅದು ನನ್ನ ಹತ್ತಿರ ಇರಲಿಲ್ಲ. ಚೆನ್ನಿಯಪ್ಪ ಅಣ್ಣ ಇಸ್ಕೊಂಡ. ಮದುವೆ ಉಡುಗೊರೆ ಆಫೀಸಿನಲ್ಲೇ ಮರೆತೆ ಅಂದ. ಶುಕ್ರವಾರ ಬೆಳಿಗ್ಗೆ ವಾಪಸ್ ಕೊಟ್ಟ."

ಚೆನ್ನಿಯಪ್ಪ ಎಂದರೆ ಮಾಲೀಕ ಗೌಂಡರ ಅಕ್ಕನ ಮಗ, ಬುಕಿಂಗ್ ನೋಡಿಕೊಳ್ಳುವವನು. ಹಿಂದಿನ ಶೆಡ್ಡಿನಲ್ಲಿ ಟೈರು ಎಣಿಸುತ್ತಿದ್ದವನನ್ನು ಜ್ಞಾನಸೌಂದರಿಯೇ ಕೂಗಿ ಕರೆದಳು. ಅವನು ವೇಷ್ಟಿ ಪಂಚೆಯನ್ನು ಮೇಲೆತ್ತಿ ಕಟ್ಟಿಕೊಂಡು, ಮುಖ ಗಂಟಿಕ್ಕಿಕೊಂಡು ಬಂದ.

"ಏನಮ್ಮಾ, ತಂತಿ ಸಿಕ್ಕಿಸ್ತಿದ್ದವರೆಲ್ಲ ಈಗ ಸಿಐಡಿ ಆಗಿಬಿಟ್ಟರಾ?"

"ತಂತಿ ಸಿಕ್ಕಿಸ್ತಿದ್ದೋಳಿಗೇ ಗೊತ್ತಿರೋದು ಯಾವ ತುದಿ ಎಲ್ಲಿ ಹೋಗುತ್ತೆ ಅಂತ. ಗುರುವಾರ ಸಂಜೆ ಈ ಬಾಗಿಲು ತೆಗೆದೆಯಾ?"

"ತೆಗೆದೆ. ಅತ್ತಿಗೆಯ ತಂಗಿ ಮದುವೆ, ಬೆಳ್ಳಿ ದೀಪ ಇಲ್ಲಿಟ್ಟಿದ್ದೆ. ತಗೊಂಡೆ, ಬೀಗ ಹಾಕಿದೆ. ಮಾವನ ಕಾರಲ್ಲೇ ಎಲ್ಲ ಈರೋಡಿಗೆ ಹೋದೆವು."

"ದೀಪ ತಗೊಳ್ಳುವಾಗ ಒಂದು ಕಾಗದ ಅಂಟಿಸಿದೆಯಾ?"

"ಯಾವ ಕಾಗದ?"

ಪಾವಾಯಿಗೆ ತಡೆಯಲಾಗಲಿಲ್ಲ. ಎಂಟು ವರ್ಷದಿಂದ 'ಅಣ್ಣಾ' ಎಂದು ಕರೆದವನ ಶರ್ಟಿನ ಕಾಲರು ಅವಳ ಮುಷ್ಟಿಯಲ್ಲಿತ್ತು.

"ನನ್ನ ತಮ್ಮ ಎಲ್ಲಿ? ನಿನ್ನ ಮಗಳ ಕಿವಿ ಚುಚ್ಚಿಸುವಾಗ ತೊಡೆ ಮೇಲೆ ಕೂರಿಸಿಕೊಂಡವನು ಅವನು! ಎಲ್ಲಿ ಹಾಕಿದ್ದೀಯ ಹೇಳು!"

"ಬಿಡೇ! ಹುಚ್ಚು ಹಿಡಿದಿದೆಯಾ? ಬೀಗ ತೆಗೆದು ಹಾಕೋಕೆ ಎರಡು ನಿಮಿಷ ಆಗಲಿಲ್ಲ. ಹೊರಗೆ ಕಾರಲ್ಲಿ ನನ್ನ ಹೆಂಡತಿ, ಅತ್ತೆ, ಮಾವ ಎಲ್ಲ ಕೂತಿದ್ದರು. ಆಮೇಲೆ ರಾತ್ರಿ ಹನ್ನೊಂದರ ತನಕ ಕಲ್ಯಾಣ ಮಂಟಪದಲ್ಲೇ ಇದ್ದೆ. ಬೇಕಾದರೆ ಕೇಳಿ. ಮಂಟಪದ ಮ್ಯಾನೇಜರ್ ನಂಬರು ನನ್ನ ಹತ್ತಿರ ಇದೆ, ಬರ್ಕೊಳ್ಳಿ."

ಜ್ಞಾನಸೌಂದರಿ ನಕ್ಕಳು. "ನೀನು ಕೊಟ್ಟ ನಂಬರಿಗೆ ಮಾಡಬಾರದು ಕಣಪ್ಪಾ. ಅದು ನಿಮ್ಮ ಆಫೀಸಿನ ಕಟ್ಟಳೆ."

ಅವಳು ಕಪಾಟಿನಿಂದ ಈರೋಡಿನ ಡೈರೆಕ್ಟರಿ ತೆಗೆದು, ಮಂಟಪದ ಹೆಸರು ಹುಡುಕಿ, ತಾನೇ ಡಯಲ್ ಸುತ್ತಿದಳು. ದನಿ ಒಮ್ಮೆಲೇ ಜೇನಾಯಿತು.

"ನಮಸ್ಕಾರ ಅಣ್ಣಾ. ಗುರುವಾರ ನಿಮ್ಮಲ್ಲಿ ಗೌಂಡರ ಮನೆ ರಿಸೆಪ್ಶನ್ ಇತ್ತಲ್ಲ? ಅಲ್ಲಿ ನಮ್ಮದೊಂದು ಕೊಡೆ ಮರೆತಿದ್ದೀವಿ... ಹೌದು, ಸಂಕಗಿರಿ ಚೆನ್ನಿಯಪ್ಪನ ಕಡೆಯವರು... ಓಹೋ, ನಿಮಗೂ ಗೊತ್ತಾ ಅವನು?"

ಅತ್ತ ಕಡೆಯವನು ಜೋರಾಗಿ ಮಾತಾಡುತ್ತಿದ್ದ. ಜ್ಞಾನಸೌಂದರಿ ರಿಸೀವರನ್ನು ಪಾವಾಯಿಯ ಕಿವಿಯತ್ತ ಸರಿಸಿದಳು.

"ಗೊತ್ತಿಲ್ಲದೆ ಏನು! ಪಾಯಸಕ್ಕೆ ಗೋಡಂಬಿ ಕಮ್ಮಿ ಅಂತ ಅಡುಗೆಯವರ ಪ್ರಾಣ ತಿಂದ ಮಹಾರಾಯ. ಹನ್ನೊಂದಕ್ಕೆ ವ್ಯಾನ್ ಹತ್ತಿಸಿ ಕಳಿಸೋ ಹೊತ್ತಿಗೆ ನಮಗೆ ಸಾಕುಸಾಕಾಯ್ತು."

ಪಾವಾಯಿಯ ಕೈ ಚೆನ್ನಿಯಪ್ಪನ ಕಾಲರಿನಿಂದ ಕೆಳಗೆ ಜಾರಿತು. ಇದ್ದ ಒಂದು ದಾರವೂ ಹರಿಯಿತು. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

"ವ್ಯಾನಾ?" ಜ್ಞಾನಸೌಂದರಿ ಫೋನಿನಲ್ಲಿ ಕೇಳಿದಳು. "ಅವರು ಬಂದಿದ್ದು ಕಾರಿನಲ್ಲಿ ಅಲ್ವಾ?"

"ಕಾರು ದೊಡ್ಡ ಗೌಂಡರು ಏಳೂವರೆಗೇ ತಗೊಂಡು ಹೋದರಲ್ಲಮ್ಮಾ. ಗೇಟಿಗೆ ಅಡ್ಡ ನಿಂತಿದ್ದ ಮೂರು ಗಾಡಿ ನಾನೇ ತೆಗೆಸಿಕೊಟ್ಟೆ. ಸಂಕಗಿರಿ ಆಫೀಸಿನಲ್ಲಿ ಅರ್ಜೆಂಟ್ ಕೆಲಸ ಅಂದರು. ಒಬ್ಬರೇ ಓಡಿಸಿಕೊಂಡು ಹೋದರು. ಹತ್ತಕ್ಕೆ ವಾಪಸ್ ಬಂದರು ನೋಡಿ."

ಜ್ಞಾನಸೌಂದರಿ ಮೆಲ್ಲಗೆ ರಿಸೀವರ್ ಇಟ್ಟಳು. ಹೊರಗೆ ಲಾರಿಯೊಂದಕ್ಕೆ ಟಾರ್ಪಾಲು ಬಿಗಿಯುವವರ ಕೂಗು ಮಾತ್ರ ಕೇಳುತ್ತಿತ್ತು.

"ತಲೆನೋವು ಅಂತ ಮಾವ ನಮ್ಮ ಹತ್ತಿರ ಹೇಳಿದ್ದರು," ಚೆನ್ನಿಯಪ್ಪ ತನ್ನಷ್ಟಕ್ಕೆ ಹೇಳಿಕೊಂಡ. ಅವನ ಮುಖ ಬಿಳಿಚಿತ್ತು. "ಮಂಟಪದ ಮೇಲಿನ ರೂಮಲ್ಲಿ ಮಲಗ್ತೀನಿ, ಯಾರೂ ಎಬ್ಬಿಸಬೇಡಿ ಅಂದರು. ಅದಕ್ಕೇ ನಾವು ವ್ಯಾನ್ ಹತ್ತಿದೆವು. ಅತ್ತೆ ಬಾಗಿಲ ಹೊರಗೆ ಹಾಲಿನ ಲೋಟ ಇಟ್ಟು ಬಂದಳು."

"ಸುಳ್ಳು," ಎಂದಳು ಪಾವಾಯಿ. "ಅಕ್ಕಾ, ಇದು ಸುಳ್ಳು. ನನ್ನ ಗಂಡ ಘಾಟಿನಲ್ಲಿ ಲಾರಿ ಸಮೇತ ಹೋದಾಗ ಹೆಣ ತರಿಸಿದವರು ಗೌಂಡರು. ಹದಿನಾರನೇ ದಿನದ ಕರ್ಮ ಮುಗಿದದ್ದೇ ಕರೆದು ಈ ಕುರ್ಚಿಯಲ್ಲಿ ಕೂರಿಸಿದರು. ನಾನು ತಿನ್ನೋ ಅನ್ನ ಅವರದು."

"ಗೋಡೆ ನಂಬರು ಮಾತ್ರ ನಂಬು ಅಂತ ಹೇಳಿಕೊಟ್ಟವರು ಯಾರು?"

ಪಾವಾಯಿ ಹಲಗೆಯ ಕಡೆ ತಿರುಗಿದಳು.

"ಭಾನುವಾರ ಆಫೀಸಿಗೆ ರಜಾ. ಅವತ್ತು ಬಾಗಿಲು ತೆಗೆದು ದೀಪ ಹಚ್ಚಿ ಹೋಗುವವರು ಯಾರು?"

ಅದಕ್ಕೂ ಉತ್ತರ ಒಂದೇ ಇತ್ತು. ಸೋಮವಾರ ಅವಳು ಬರುವ ಹೊತ್ತಿಗೆ ಕಾಗದ ಕಿತ್ತಾಗಿತ್ತು. ಆ ಸೋಮವಾರವೇ ಗೌಂಡರು ಅವಳ ತಲೆ ಸವರಿ, ನಿನ್ನ ತಮ್ಮ ಎಲ್ಲೂ ಹೋಗಲ್ಲ, ನಾನಿದ್ದೀನಿ ಎಂದಿದ್ದರು.

ಜ್ಞಾನಸೌಂದರಿ ಚೆನ್ನಿಯಪ್ಪನತ್ತ ತಿರುಗಿದಳು. "ನೀನು ಈಗಲೇ ಈರೋಡಿಗೆ ಹೋಗು. ಆ ಮ್ಯಾನೇಜರನ್ನು ಕೈ ಹಿಡಿದು ಕರ್ಕೊಂಡು ಬಾ. ಇನ್ಸ್‌ಪೆಕ್ಟರಿಗೆ ನಮ್ಮ ಬಾಯಿ ಮಾತು ಸಾಲಲ್ಲ. ನಾನು ಓಡಿಹೋಗಿ ಕ್ಯಾಮೆರಾದವನನ್ನು ಕರೆತರ್ತೀನಿ, ಈ ಚೀಟಿಯ ಪಟ ಬೇಕು. ಪಾವಾಯಿ, ನೀನು ಏನೂ ಗೊತ್ತಿಲ್ಲದ ಹಾಗೆ ಕೂತಿರು. ಯಾರು ಬಂದರೂ ಬಾಯಿ ಬಿಡಬೇಡ."

ಚೆನ್ನಿಯಪ್ಪ ಒಂದು ಕ್ಷಣ ಅನುಮಾನಿಸಿದ. ಆಮೇಲೆ ಪಾವಾಯಿಯ ಮುಖ ನೋಡಿ, ಮಾತಾಡದೆ ಬೈಕಿನ ಕಡೆ ನಡೆದ.

ಆಫೀಸಿನಲ್ಲಿ ಪಾವಾಯಿ ಒಬ್ಬಳೇ ಉಳಿದಳು. ಮೂರೂ ಮುಕ್ಕಾಲು. ಎದುರಿಗೆ ಕಪ್ಪು ಫೋನು, ಅದರ ಹಣೆಯಲ್ಲಿ ಶುಕ್ರವಾರದ ಬೊಟ್ಟು ಇನ್ನೂ ಇತ್ತು. ಅವಳು ಸೀರೆ ಸೆರಗಿನಿಂದ ಅದನ್ನು ಒರೆಸಿಹಾಕಿದಳು. ದೇವರೇ, ಅವನು ಎಲ್ಲಿದ್ದರೂ ಉಸಿರಾಡುತ್ತಿರಲಿ, ಅಷ್ಟು ಸಾಕು ಎಂದು ಬೇಡಿಕೊಂಡಳು.

ಫೋನ್ ಹೊಡೆದುಕೊಂಡಿತು.

"ಹಲೋ?"

ಗರಗರ ಸದ್ದು. ದೂರದಲ್ಲಿ ಬಸ್ಸಿನ ಹಾರ್ನು. ಆಮೇಲೆ ಯಾರೋ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡಿದ ಹಾಗೆ, "ಅಕ್ಕಾ."

ಸೆಂಗೋಡನ ದನಿಯ ಹಾಗೇ ಇತ್ತು. ಆದರೂ ನಂಬಲು ಧೈರ್ಯವಾಗಲಿಲ್ಲ. ಒಂದು ಸಲ ನಂಬಿ ಕೆಟ್ಟಿದ್ದಳು. ಡ್ರೈವರುಗಳಿಗೂ ಆಫೀಸಿನಲ್ಲಿ ಒಂದು ಕಟ್ಟಳೆ ಇತ್ತು. ಯಾವ ಡ್ರೈವರ್ ಫೋನ್ ಮಾಡಿದರೂ ಮೊದಲು 'ಊಟ ಆಯ್ತಾ' ಎಂದು ಕೇಳಬೇಕು. ಉತ್ತರ ಒಬ್ಬೊಬ್ಬನದೂ ಬೇರೆ, ಅವನಿಗೂ ಪಾವಾಯಿಗೂ ಮಾತ್ರ ಗೊತ್ತು, ಎಲ್ಲೂ ಬರೆದಿಲ್ಲ. ಸೆಂಗೋಡ ಆರಿಸಿಕೊಂಡದ್ದು ತಾನು ಹುಟ್ಟಿದಾಗಿನಿಂದ ಮುಟ್ಟದ ಹುರುಳಿ ಸಾರು.

"ಊಟ ಆಯ್ತಾ?" ಅವಳು ಕೇಳಿದಳು. ದನಿ ತುಸು ಜೋರಾಯಿತು.

ಅತ್ತ ಕಡೆ ನಗುವೋ ಅಳುವೋ ತಿಳಿಯದ ಒಂದು ಉಸಿರು. "ಹುರುಳಿ ಸಾರು ಅಕ್ಕಾ. ಎರಡು ಸಲ ಬಡಿಸಿಕೊಂಡೆ."

ಅವನೇ. ಬೇರೆ ಯಾರೂ ಅಲ್ಲ, ಅವನೇ. ಪಾವಾಯಿ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾ, ಬೇಗ ಕೇಳು. ತಪ್ಪಿಸಿಕೊಂಡು ಬಂದಿದ್ದೀನಿ. ಕಾಲು ಮುರಿದಿದೆ, ಜಾಸ್ತಿ ದೂರ ಹೋಗೋಕಾಗಲ್ಲ. ಪೊಲೀಸರಿಗೆ ಹೇಳಬೇಡ, ಇಲ್ಲಿಯವರೂ ಅವರ ಕಡೆಯವರೇ ಅನ್ಸುತ್ತೆ. ನಾನಿರೋ ಜಾಗ ಗೌಂಡರಿಗೆ ಮಾತ್ರ ಹೇಳು. ಅವರೊಬ್ಬರೇ ನನ್ನ ಉಳಿಸೋದು. ಬರ್ಕೋ, ನಾನು ಇರೋದು..."

ಬಾಗಿಲಲ್ಲಿ ನೆರಳು ಬಿತ್ತು.

ಅತ್ತಿಯಪ್ಪ ಗೌಂಡರು ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರಿಂದ ಸದ್ದೇ ಆಗಿರಲಿಲ್ಲ. ಬಿಳಿ ವೇಷ್ಟಿ, ಹೆಗಲ ಮೇಲೆ ಶಲ್ಯ, ಸೊಂಟದಲ್ಲಿ ಬೀಗದಕೈ ಗೊಂಚಲು, ಮುಖದ ತುಂಬ ಎಂಟು ವರ್ಷದಿಂದ ಅವಳು ಕಂಡ ಅದೇ ವಾತ್ಸಲ್ಯ.

"ಅಮ್ಮಣೀ," ಎಂದರು ಅವರು ಮೆತ್ತಗೆ. "ಇನ್ಸ್‌ಪೆಕ್ಟರ್ ಹಿಂದೆ ಬರ್ತಿದ್ದಾರೆ. ಹೆದರಬೇಡ, ನಾನು ಮಾತಾಡ್ತೀನಿ. ಫೋನಲ್ಲಿ ಯಾರು?"

ರಿಸೀವರ್ ಕಿವಿಗೆ ಒತ್ತಿಕೊಂಡೇ ಪಾವಾಯಿ ಅವರ ಕಣ್ಣು ನೋಡಿದಳು. ಅತ್ತ ಕಡೆ ತಮ್ಮ ಊರಿನ ಹೆಸರು ಹೇಳಲು ಬಾಯಿ ತೆರೆದಿದ್ದ. ಅದು ತನಗೆ ಕೇಳಿಸಿದರೆ, ಈ ನಿಶ್ಶಬ್ದದಲ್ಲಿ ಎರಡು ಮಾರು ದೂರದಲ್ಲಿ ನಿಂತವರಿಗೂ ಕೇಳಿಸುತ್ತದೆ.

"ರಾಂಗ್ ನಂಬರ್," ಎಂದು ಅವಳು ಫೋನ್ ಕುಕ್ಕಿದಳು.

ಐದು ದಿನ ಹಗಲುರಾತ್ರಿ ಕಾದ ದನಿಯನ್ನು ತನ್ನ ಕೈಯಾರೆ ಕತ್ತರಿಸಿದ್ದಳು. ಎಲ್ಲಿದ್ದಾನೆಂದು ತಿಳಿಯಲಿಲ್ಲ. ಅಕ್ಕ ಕೈಬಿಟ್ಟಳು ಎಂದೇ ಅವನು ಅಂದುಕೊಂಡಿರುತ್ತಾನೆ. ಅವಳು ಮುಖದಲ್ಲಿ ಏನೂ ಕಾಣದ ಹಾಗೆ ಬಿಲ್ಟಿಗಳನ್ನು ಜೋಡಿಸತೊಡಗಿದಳು.

ಗೌಂಡರು ನಿಧಾನವಾಗಿ ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಇಂದೋರಿನ ಚೀಟಿಯತ್ತ ಒಮ್ಮೆ ನೋಡಿದರು. ಆಮೇಲೆ ಅವಳತ್ತ.

"ರಾಂಗ್ ನಂಬರಿನವನಿಗೆ ಊಟ ಆಯ್ತಾ ಅಂತ ಕೇಳಿದೆಯಲ್ಲ, ಅಮ್ಮಣೀ?"

ಫೋನ್ ಮತ್ತೆ ಹೊಡೆದುಕೊಳ್ಳತೊಡಗಿತು. ಪಾವಾಯಿ ಕೈ ಚಾಚುವಷ್ಟರಲ್ಲಿ ಗೌಂಡರ ಕೈ ರಿಸೀವರ್ ಮೇಲಿತ್ತು.